ಯಂತ್ರ ಕಾರ್ಯಾಗಾರಗಳಿಗೆ ಡಯಲ್ ಇಂಡಿಕೇಟರ್ ಆಯ್ಕೆ: ಸಣ್ಣ ಉದ್ದಿಮೆದಾರರ ಗಮನಕ್ಕೆ

ಲೇತ್, ಮಿಲ್ಲಿಂಗ್ ಹಾಗೂ ಗ್ರೈಂಡಿಂಗ್ ಯಂತ್ರಗಳನ್ನೊಳಗೊಂಡ ಸಣ್ಣ ಕಾರ್ಯಾಗಾರವನ್ನು ಸ್ಥಾಪಿಸಲು ಅಥವಾ ವಿಸ್ತರಿಸಲು ಸಾಲ, ಸಹಾಯಧನ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ಉದ್ದಿಮೆದಾರರು ಯೋಜನಾ ವರದಿಯೊಂದಿಗೆ ಯಂತ್ರೋಪಕರಣಗಳ ಪಟ್ಟಿಯನ್ನು ಹಾಗೂ ದರಪಟ್ಟಿಗಳನ್ನು ಲಗತ್ತಿಸುತ್ತಾರೆ. ಸದರಿ ಪಟ್ಟಿಗಳಲ್ಲಿ ಯಂತ್ರಗಳ ವಿವರ ಒಂದು ಪುಟದಷ್ಟಿರುತ್ತದೆ. ಅಳತೆಯ ಸಾಧನಗಳು ಮಾತ್ರ "ಡಯಲ್ ಗೇಜ್, ವರ್ನಿಯರ್ ಇತ್ಯಾದಿ, ಒಂದು ಸೆಟ್" ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಯಂತ್ರಕ್ಕೆ ಹಲವು ಲಕ್ಷ ರೂಪಾಯಿಗಳನ್ನು ವೆಚ್ಚ ಮಾಡುವವರು ಅದರಿಂದ ಹೊರಬರುವ ಭಾಗವು ಸರಿಯಿದೆಯೇ ಎಂದು ಹೇಳುವ ಸಾಧನವನ್ನು ದರವೊಂದನ್ನೇ ನೋಡಿ ಕೊಳ್ಳುವುದು ಸಾಮಾನ್ಯವಾಗಿ ಕಂಡುಬಂದಿದೆ. ಇದರಿಂದ ಆಗುವ ನಷ್ಟವನ್ನು ತಪ್ಪಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಉದಾಹರಣೆಗೆ ಒಂದು ಪ್ರಕರಣವನ್ನು ಇಲ್ಲಿ ಹೇಳಬಹುದು. ಶಾಖೆಗೆ ಆಗಾಗ್ಗೆ ಬರುತ್ತಿದ್ದ ಉದ್ದಿಮೆದಾರರೊಬ್ಬರು 25 ಮಿ.ಮೀ. ವ್ಯಾಸದ ಉಕ್ಕಿನ ಪಿನ್ನುಗಳನ್ನು ತಯಾರಿಸಿ ಸರಬರಾಜು ಮಾಡುತ್ತಿದ್ದರು. ಒಮ್ಮೆ ಅವರ ಇಡೀ ಸರಕು ತಿರಸ್ಕೃತವಾಗಿ ಹಿಂದಕ್ಕೆ ಬಂದಿತು. ತಮ್ಮ ಡಯಲ್‌ನಲ್ಲಿ ಪ್ರತಿಯೊಂದು ಪಿನ್ನನ್ನೂ ನೋಡಿಯೇ ಕಳುಹಿಸಿದ್ದೇನೆ, ಖರೀದಿದಾರರು ಬೇಕೆಂದೇ ತೊಂದರೆ ಕೊಡುತ್ತಿದ್ದಾರೆ ಎಂಬುದು ಅವರ ದೂರು. ಡಯಲ್ಲನ್ನು ಪರೀಕ್ಷೆಗೆ ಕಳುಹಿಸಿದಾಗ ನಿಜ ತಿಳಿಯಿತು. ಪ್ಲಂಜರ್ ಒಳಗೆ ಹೋದಂತೆ ಹೊರಗೆ ಬರುತ್ತಿರಲಿಲ್ಲ; ಒಂದೇ ಪಿನ್ನಿಗೆ ಒಮ್ಮೆ ಒಂದು ಅಂಕಿ, ಇನ್ನೊಮ್ಮೆ ಎರಡು ಗೆರೆ ಆಚೆಯ ಅಂಕಿ ಬರುತ್ತಿತ್ತು. ಮುಖಫಲಕದ ಮೇಲೆ ಮಾತ್ರ 0.01 ಮಿ.ಮೀ. ಎಂದು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಆ ತಿಂಗಳು ಅವರು ಸಾಲದ ಕಂತನ್ನು ತುಂಬಲಾಗಲಿಲ್ಲ.

ಮುಖಫಲಕದ ಅಂಕಿ ಮತ್ತು ನಿಖರತೆ

ಡಯಲ್ ಮೇಲೆ ಮುದ್ರಿತವಾಗಿರುವ 0.01 ಮಿ.ಮೀ. ಎಂಬುದು ಅದರ ಲೀಸ್ಟ್ ಕೌಂಟ್, ಅಂದರೆ ಒಂದು ಗೆರೆಯ ಬೆಲೆ. ಅದು ಸಾಧನದ ನಿಖರತೆಯಲ್ಲ. ಅರ್ಜಿದಾರರು ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಖರೀದಿಯಲ್ಲಾಗುವ ಬಹುಪಾಲು ತಪ್ಪುಗಳು ತಪ್ಪುತ್ತವೆ. ನೂರು ಗೆರೆಗಳನ್ನು ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಪ್ಲಂಜರ್‌ನ ಹಲ್ಲುಪಟ್ಟಿ ಮತ್ತು ಒಳಗಿನ ಗಾಲಿಗಳ ಹಲ್ಲುಗಳನ್ನು ಆ ಗೆರೆಗಳಿಗೆ ತಕ್ಕಂತೆ ಕತ್ತರಿಸುವುದು ಕಷ್ಟ. ಸಾಮಾನ್ಯ ಡಯಲ್‌ನಲ್ಲಿ ಪ್ಲಂಜರ್ 1 ಮಿ.ಮೀ. ಚಲಿಸಿದರೆ ಮುಳ್ಳು ಒಂದು ಪೂರ್ಣ ಸುತ್ತು ತಿರುಗುತ್ತದೆ. ಒಳಗಿನ ಅತಿ ಸಣ್ಣ ದೋಷವೂ ಇದೇ ಪ್ರಮಾಣದಲ್ಲಿ ಹಿಗ್ಗಿ ಮುಖಫಲಕಕ್ಕೆ ಬರುತ್ತದೆ.

ಉತ್ತಮ ತಯಾರಕರು ತಮ್ಮ ವಿವರಣಾ ಪತ್ರದಲ್ಲಿ ಲೀಸ್ಟ್ ಕೌಂಟ್ ಅಲ್ಲದೆ ಇನ್ನೂ ಮೂರು ಅಂಕಿಗಳನ್ನು ನೀಡುತ್ತಾರೆ. ಮೊದಲನೆಯದು ಇಡೀ ವ್ಯಾಪ್ತಿಯಲ್ಲಿ ಬರಬಹುದಾದ ಗರಿಷ್ಠ ದೋಷ. 10 ಮಿ.ಮೀ. ವ್ಯಾಪ್ತಿ ಮತ್ತು 0.01 ಮಿ.ಮೀ. ಗೆರೆಯ ಒಳ್ಳೆಯ ಡಯಲ್‌ಗೆ ಇದು ಸುಮಾರು 0.013ರಿಂದ 0.017 ಮಿ.ಮೀ. ಇರುತ್ತದೆ. ಒಳ್ಳೆಯ ಸಾಧನದಲ್ಲಿಯೂ ಪೂರ್ಣ ವ್ಯಾಪ್ತಿಯ ದೋಷವು ಒಂದು ಗೆರೆಗಿಂತ ಹೆಚ್ಚು ಎಂಬುದನ್ನು ಗಮನಿಸತಕ್ಕದ್ದು. ಎರಡನೆಯದು ಪುನರಾವರ್ತನೆ, ಅಂದರೆ ಒಂದೇ ಅಳತೆಯನ್ನು ಹಲವು ಬಾರಿ ತೆಗೆದಾಗ ಅಂಕಿ ಎಷ್ಟು ಬದಲಾಗುತ್ತದೆ ಎಂಬುದು, ಇದು 0.003ರಿಂದ 0.005 ಮಿ.ಮೀ. ಒಳಗಿರಬೇಕು. ಮೂರನೆಯದು ಹಿಂಚಲನೆಯ ದೋಷ: ಮುಳ್ಳು ಮೇಲೇರುತ್ತಾ ತೋರಿಸಿದ ಅಂಕಿಗೂ ಕೆಳಗಿಳಿಯುತ್ತಾ ತೋರಿಸುವ ಅಂಕಿಗೂ ಇರುವ ವ್ಯತ್ಯಾಸ. ಈ ಮೂರು ಅಂಕಿಗಳನ್ನು ನೀಡಲಾಗದ ಮಾರಾಟಗಾರರಿಂದ ಖರೀದಿಸದಿರುವುದು ಸೂಕ್ತ.

ಡಯಲ್ ಇಂಡಿಕೇಟರ್ ಮೂಲತಃ ಹೋಲಿಕೆಯ ಸಾಧನವಾದುದರಿಂದ, ಈ ಮೂರರಲ್ಲಿ ಮೊದಲು ನೋಡಬೇಕಾದುದು ಪುನರಾವರ್ತನೆಯನ್ನು. ಸ್ಲಿಪ್ ಗೇಜ್ ಅಥವಾ ಮಾಸ್ಟರ್ ತುಂಡಿನ ಮೇಲೆ ಸೊನ್ನೆಗೆ ಹೊಂದಿಸಿ, ಅನಂತರ ಕೆಲಸದ ತುಂಡನ್ನಿಟ್ಟು ವ್ಯತ್ಯಾಸವನ್ನು ಮಾತ್ರ ಓದಿದಾಗ ಮುಳ್ಳು ಕೆಲವೇ ಗೆರೆ ಚಲಿಸುತ್ತದೆ. ಪೂರ್ಣ ವ್ಯಾಪ್ತಿಯ ದೋಷ ಅಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ. ಪುನರಾವರ್ತನೆ ಕೆಟ್ಟಿದ್ದರೆ ಮಾತ್ರ ಯಾವ ತಿದ್ದುಪಡಿಯೂ ಉಪಯೋಗಕ್ಕೆ ಬಾರದು. ಹಾಗೆಂದು ಪುನರಾವರ್ತನೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನುವಂತೆಯೂ ಇಲ್ಲ. ವಾಣಿಜ್ಯ ಪದವೀಧರನಾದ ಈ ಲೇಖಕನಿಗೆ ಇದು ತಾಳೆಪಟ್ಟಿಯನ್ನು ನೆನಪಿಗೆ ತರುತ್ತದೆ. ತಾಳೆಪಟ್ಟಿಯ ಎರಡೂ ಬದಿಗಳು ಸರಿಹೊಂದಿದರೂ ತಪ್ಪು ಖಾತೆಗೆ ಹಾಕಿದ ಮೊತ್ತ ತಪ್ಪು ಖಾತೆಯಲ್ಲಿಯೇ ಇರುತ್ತದೆ. ಹಾಗೆಯೇ ಪ್ರತಿ ಬಾರಿಯೂ ಒಂದೇ ಅಂಕಿಯನ್ನು ತೋರಿಸುವ ಡಯಲ್, ಪ್ರತಿ ಬಾರಿಯೂ ಒಂದೇ ತಪ್ಪನ್ನು ತೋರಿಸುತ್ತಿರಬಹುದು. ಅದು ಹೊರಬೀಳುವುದು ಮಾಪನಾಂಕ ನಿರ್ಣಯದಲ್ಲಿ.

ಕೆಲಸಕ್ಕೆ ತಕ್ಕ ಡಯಲ್

ಖರೀದಿಗೆ ಮುನ್ನ ತಮ್ಮ ನಕ್ಷೆಗಳಲ್ಲಿರುವ ಅತ್ಯಂತ ಬಿಗಿಯಾದ ಟಾಲರೆನ್ಸ್ ಎಷ್ಟೆಂದು ನೋಡಿಕೊಳ್ಳತಕ್ಕದ್ದು. ಅಳತೆಯಲ್ಲಿ ಬರುವ ದೋಷವು ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ಕಾರ್ಯಾಗಾರಗಳಲ್ಲಿ ರೂಢಿಯಲ್ಲಿರುವ ನಿಯಮ. ಅನಿವಾರ್ಯವಾದಲ್ಲಿ ನಾಲ್ಕನೇ ಒಂದು ಭಾಗದವರೆಗೆ ಒಪ್ಪಬಹುದು. ಮೇಲಿನ ಪ್ರಕರಣದ ಪಿನ್ನುಗಳಿಗೆ ನಕ್ಷೆಯಲ್ಲಿ 25 ಎಚ್7, ಚಿಕ್ಕ ಅಕ್ಷರದ ಎಚ್, ಎಂದು ಬರೆದಿತ್ತು. ಇದರ ಅರ್ಥ ವ್ಯಾಸವು 25.000 ಮಿ.ಮೀ.ಗಿಂತ ಹೆಚ್ಚಿರಬಾರದು, 24.979 ಮಿ.ಮೀ.ಗಿಂತ ಕಡಿಮೆಯಿರಬಾರದು. ಒಟ್ಟು ಟಾಲರೆನ್ಸ್ 0.021 ಮಿ.ಮೀ., ಅಂದರೆ 0.01ರ ಡಯಲ್‌ನಲ್ಲಿ ಬರೀ ಎರಡು ಗೆರೆ. ಎರಡು ಗೆರೆಗಳ ನಡುವೆ ಒಪ್ಪಿಗೆ ಮತ್ತು ತಿರಸ್ಕಾರ ಎರಡನ್ನೂ ತೀರ್ಮಾನಿಸುವುದು ಸಾಧ್ಯವಿಲ್ಲ. ಈ ಕೆಲಸಕ್ಕೆ 0.001 ಮಿ.ಮೀ. ಗೆರೆಯ ಡಯಲ್ಲನ್ನು ಗಟ್ಟಿಯಾದ ಕಂಪ್ಯಾರೇಟರ್ ಸ್ಟ್ಯಾಂಡಿಗೆ ಅಳವಡಿಸಿ, ಮಾಸ್ಟರ್ ತುಂಡಿನೊಡನೆ ಹೋಲಿಸಿ ನೋಡಬೇಕಾಗಿತ್ತು. ಆ ಉದ್ದಿಮೆದಾರರ ಡಯಲ್ ಕೆಟ್ಟಿರದಿದ್ದರೂ ಆ ಕೆಲಸಕ್ಕೆ ಅದು ತಕ್ಕುದಾಗಿರಲಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ವೈಸನ್ನು ನೇರಕ್ಕೆ ಕಟ್ಟಲು, ನಾಲ್ಕು ದವಡೆಯ ಚಕ್‌ನಲ್ಲಿ ತುಂಡನ್ನು ಮಧ್ಯಕ್ಕೆ ತರಲು, 0.05 ಮಿ.ಮೀ. ಅಥವಾ ಅದಕ್ಕಿಂತ ಸಡಿಲವಾದ ಓಟವನ್ನು ನೋಡಲು 0.001ರ ಡಯಲ್ ತಂದರೆ ಮುಳ್ಳು ನಿಲ್ಲುವುದೇ ಇಲ್ಲ. ಅದರ ವ್ಯಾಪ್ತಿ ಬಹುತೇಕ 1 ಮಿ.ಮೀ. ಆಸುಪಾಸಿನಲ್ಲಿದ್ದು, ಕೆಲಸಗಾರನ ಕೈತಪ್ಪಿದ ಒಂದು ಹೊಡೆತಕ್ಕೆ ಹಾಳಾಗುತ್ತದೆ. ಅಂತಹ ಕೆಲಸಗಳಿಗೆ 0.01 ಗೆರೆ, 10 ಮಿ.ಮೀ. ವ್ಯಾಪ್ತಿಯ ಸಾಮಾನ್ಯ ಡಯಲ್ ಸಾಕು, ಮತ್ತು ಅದೇ ಉತ್ತಮ.

ಚಕ್‌ನಲ್ಲಿ ತುಂಡನ್ನು ಮಧ್ಯಕ್ಕೆ ತರುವಾಗ ಹೊಸಬರು ಮಾಡುವ ಒಂದು ತಪ್ಪನ್ನು ಇಲ್ಲಿಯೇ ತಿಳಿಸುವುದು ಉಚಿತ. ತುಂಡನ್ನು ಒಂದು ಸುತ್ತು ತಿರುಗಿಸಿದಾಗ ಮುಳ್ಳು ಒಟ್ಟು 0.40 ಮಿ.ಮೀ. ಆಡಿದರೆ ತುಂಡು ಮಧ್ಯದಿಂದ ಸರಿದಿರುವುದು 0.20 ಮಿ.ಮೀ. ಮಾತ್ರ. ನಕ್ಷೆಯಲ್ಲಿ ಓಟ ಎಂದು ಬರೆದಿದ್ದರೆ ಮುಳ್ಳಿನ ಒಟ್ಟು ಆಟವನ್ನೂ, ಮಧ್ಯದಿಂದ ಸರಿತ ಎಂದು ಬರೆದಿದ್ದರೆ ಅದರ ಅರ್ಧವನ್ನೂ ತೆಗೆದುಕೊಳ್ಳತಕ್ಕದ್ದು.

ಪ್ಲಂಜರ್ ಮಾದರಿ ಮತ್ತು ಲಿವರ್ ಮಾದರಿ

ಪ್ಲಂಜರ್ ಮಾದರಿಯು ನೇರವಾಗಿ ಒಳಹೊರಗೆ ಚಲಿಸುತ್ತದೆ. ಲಿವರ್ ಮಾದರಿಯಲ್ಲಿ ಸಣ್ಣ ಕಡ್ಡಿಯೊಂದು ಬದಿಗೆ ವಾಲುತ್ತದೆ. ರಂಧ್ರದ ಒಳಮೈ, ಇಕ್ಕಟ್ಟಾದ ಮೂಲೆ ಮುಂತಾದ ಕಡೆ ಪ್ಲಂಜರ್ ಹೋಗಲಾರದು, ಲಿವರ್ ಹೋಗುತ್ತದೆ. ಇದರ ವ್ಯಾಪ್ತಿ ಕಡಿಮೆ, 0.01ರ ಗೆರೆಯಿದ್ದಲ್ಲಿ ಸಾಮಾನ್ಯವಾಗಿ 0.8 ಮಿ.ಮೀ., 0.002ರ ಗೆರೆಯಿದ್ದಲ್ಲಿ 0.2 ಮಿ.ಮೀ. ಒಂದೇ ಡಯಲ್ ಕೊಳ್ಳಲು ಶಕ್ತಿಯಿರುವವರು ಪ್ಲಂಜರ್ ಮಾದರಿಯನ್ನೂ, ಎರಡು ಕೊಳ್ಳಬಲ್ಲವರು ಒಂದೊಂದನ್ನೂ ತೆಗೆದುಕೊಳ್ಳುವುದು ವಾಡಿಕೆ.

ಲಿವರ್ ಮಾದರಿಯ ಕಡ್ಡಿಯನ್ನು ಅಳೆಯುವ ಮೈಗೆ ಆದಷ್ಟೂ ಸಮಾನಾಂತರವಾಗಿ ಇಡತಕ್ಕದ್ದು. ಕಡ್ಡಿ 30 ಡಿಗ್ರಿ ಓರೆಯಾಗಿದ್ದರೆ ಡಯಲ್ ತೋರಿಸಿದ ಅಂಕಿಯನ್ನು 0.87ರಿಂದ ಗುಣಿಸಿದಾಗ ಮಾತ್ರ ನಿಜವಾದ ಅಳತೆ ದೊರೆಯುತ್ತದೆ. 60 ಡಿಗ್ರಿ ಓರೆಯಲ್ಲಿ ನಿಜವಾದ ಅಳತೆ ತೋರಿಸಿದ್ದರ ಅರ್ಧ. ಪ್ಲಂಜರ್ ಮಾದರಿಯನ್ನು ಮೈಗೆ ಲಂಬವಾಗಿ ನಿಲ್ಲಿಸತಕ್ಕದ್ದು. 10 ಡಿಗ್ರಿ ವಾಲಿದರೆ ಶೇ. 1.5ರಷ್ಟು ಹೆಚ್ಚು ತೋರಿಸುತ್ತದೆ.

ಅಂಕಿಯಲ್ಲಿ ತೋರಿಸುವ ಡಿಜಿಟಲ್ ಇಂಡಿಕೇಟರ್‌ಗಳ ಬಗ್ಗೆ ಹಲವರು ವಿಚಾರಿಸುತ್ತಾರೆ. ಅಳತೆಗಳನ್ನು ಗಣಕಯಂತ್ರಕ್ಕೆ ದಾಖಲಿಸಬೇಕಾದವರಿಗೆ ಅವು ಅನುಕೂಲ. ಆದರೆ ಅಲ್ಲಿ ಮೂರನೇ ದಶಮಾಂಶ ಕಾಣಿಸುವುದರಿಂದ ಮೂರನೇ ದಶಮಾಂಶದವರೆಗೆ ಸರಿಯಿದೆ ಎಂದು ಭಾವಿಸುವ ಅಪಾಯ ಇನ್ನೂ ಹೆಚ್ಚು. ತುಂಡು ತಿರುಗುತ್ತಿರುವಾಗ ಮುಳ್ಳು ಆಡುವುದನ್ನು ಕಣ್ಣು ಹಿಡಿಯುವಷ್ಟು ಸುಲಭವಾಗಿ ಬದಲಾಗುತ್ತಿರುವ ಅಂಕಿಗಳನ್ನು ಹಿಡಿಯದು. ಕೂಲೆಂಟ್ ಎರಚುವ ಕಡೆ ಬಳಸುವವರು ನೀರು, ಧೂಳಿನಿಂದ ರಕ್ಷಣೆಯ ದರ್ಜೆ ಎಷ್ಟೆಂದು ಕೇಳಿ ತಿಳಿಯತಕ್ಕದ್ದು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಡಯಲ್ಲನ್ನು ಡಬ್ಬಿಯಲ್ಲಿದ್ದಂತೆಯೇ ಕೊಂಡು ತರಬಾರದು. ಹೆಬ್ಬೆರಳಿನಿಂದ ಪ್ಲಂಜರನ್ನು ಬಹಳ ನಿಧಾನವಾಗಿ ಪೂರ್ಣ ವ್ಯಾಪ್ತಿಯವರೆಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಡಬೇಕು. ಎಲ್ಲಿಯೂ ತಡೆದಂತೆ, ಮರಳು ಸಿಕ್ಕಿದಂತೆ ಬೆರಳಿಗೆ ತೋರಬಾರದು. ಮುಳ್ಳು ನಿಂತು ನೆಗೆಯಬಾರದು. ವೇಗವಾಗಿ ಒತ್ತಿದರೆ ಈ ದೋಷ ತಿಳಿಯುವುದಿಲ್ಲ, ಮಾರಾಟಗಾರರು ತೋರಿಸುವುದು ಸಾಮಾನ್ಯವಾಗಿ ವೇಗವಾಗಿ ಒತ್ತಿಯೇ.

ಆಮೇಲೆ ಡಯಲ್ಲನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಹಾಕಿಸಿ, ಸರ್ಫೇಸ್ ಪ್ಲೇಟ್ ಅಥವಾ ಸಮತಟ್ಟಾದ ಉಕ್ಕಿನ ತುಂಡಿನ ಮೇಲೆ ಪ್ಲಂಜರ್ ಅರ್ಧ ಸುತ್ತಿನಷ್ಟು ಒಳಗೆ ಹೋಗುವಂತೆ ಇಳಿಸಿ, ಮುಖಫಲಕವನ್ನು ತಿರುಗಿಸಿ ಸೊನ್ನೆಗೆ ತರಬೇಕು. ಪ್ಲಂಜರನ್ನು ಎತ್ತಿ ಬಿಡುವುದನ್ನು ಐದು ಬಾರಿ ಮಾಡಬೇಕು: ಎರಡು ಬಾರಿ ಮೆಲ್ಲಗೆ, ಎರಡು ಬಾರಿ ಸ್ವಲ್ಪ ವೇಗವಾಗಿ, ಒಮ್ಮೆ ಪೂರ್ತಿ ಮೇಲಕ್ಕೆತ್ತಿ. 0.01ರ ಡಯಲ್‌ನಲ್ಲಿ ಮುಳ್ಳು ಪ್ರತಿ ಬಾರಿಯೂ ಅರ್ಧ ಗೆರೆಯೊಳಗೆ ಅದೇ ಜಾಗಕ್ಕೆ ಬರಬೇಕು. ಒಂದು ಗೆರೆ ಅತ್ತಿತ್ತ ಆದರೆ ಆ ಡಯಲ್ ಬೇಡ. ಅನಂತರ ಪ್ಲಂಜರನ್ನು ನಾಲ್ಕೂ ಬದಿಯಿಂದ ಬೆರಳಿನಿಂದ ಹಗುರವಾಗಿ ಒತ್ತಿ ಬಿಟ್ಟು, ಮುಳ್ಳು ಸೊನ್ನೆಗೆ ಹಿಂದಿರುಗುವುದೇ ಎಂದು ನೋಡತಕ್ಕದ್ದು.

ಅಂಗಡಿಯವರಲ್ಲಿ ಸ್ಲಿಪ್ ಗೇಜ್‌ಗಳಿದ್ದರೆ 1.0, 1.1, 1.2 ಮಿ.ಮೀ. ಹೀಗೆ ಏರಿಸುತ್ತಾ ಹೋಗಿ ಪ್ರತಿ ಹಂತದ ಅಂಕಿಯನ್ನು ಬರೆದುಕೊಳ್ಳಬೇಕು. ಅಲ್ಲಿ ಈ ಅನುಕೂಲವಿಲ್ಲದಿದ್ದರೆ ಇದನ್ನು ಪ್ರಯೋಗಾಲಯಕ್ಕೆ ಬಿಡಬಹುದು. ಮೇಲಿನ ಮೂರು ಪರೀಕ್ಷೆಗಳನ್ನು ಮಾತ್ರ ಬಿಡತಕ್ಕದ್ದಲ್ಲ. ಪರೀಕ್ಷಿಸಲು ಅವಕಾಶ ಕೊಡದವರು ಸರಕು ಕೆಟ್ಟಾಗ ಬದಲಿಸಿ ಕೊಡುವರೆಂದು ನಿರೀಕ್ಷಿಸುವುದು ಕಷ್ಟ. ಅಂತರ್ಜಾಲದಲ್ಲಿ ಖರೀದಿಸುವವರು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ತಮ್ಮ ಕಾರ್ಯಾಗಾರದಲ್ಲಿಯೇ ಇವನ್ನು ಮಾಡಿ ಮುಗಿಸತಕ್ಕದ್ದು.

ಇನ್ನು ಕೆಲವು ಸಣ್ಣ ವಿಷಯಗಳು. ಸ್ಟೆಮ್‌ನ ವ್ಯಾಸ ಮೆಟ್ರಿಕ್ ಡಯಲ್‌ಗಳಲ್ಲಿ 8 ಮಿ.ಮೀ., ಇಂಚಿನ ಡಯಲ್‌ಗಳಲ್ಲಿ 9.52 ಮಿ.ಮೀ.; ತಮ್ಮಲ್ಲಿರುವ ಸ್ಟ್ಯಾಂಡಿಗೆ ಹೊಂದುವುದನ್ನೇ ಕೊಳ್ಳಬೇಕು. ತುದಿಯ ಗುಂಡು ಬಿಚ್ಚಿ ಬದಲಿಸುವಂತಿರಬೇಕು. ಚಪ್ಪಟೆ ಮೈಗೆ ಗುಂಡು ತುದಿ, ದುಂಡು ಮೈಗೆ ಚಪ್ಪಟೆ ತುದಿ. ದಿನವಿಡೀ ಬಳಸುವವರಿಗೆ ಕಾರ್ಬೈಡ್ ತುದಿ ಬಾಳಿಕೆ ಬರುತ್ತದೆ. ಸುತ್ತುಗಳನ್ನು ಎಣಿಸುವ ಚಿಕ್ಕ ಮುಳ್ಳು ಇರತಕ್ಕದ್ದು. ಇಲ್ಲದಿದ್ದರೆ ಇಡೀ 1 ಮಿ.ಮೀ. ತಪ್ಪಾದರೂ ಡಯಲ್ ಸರಿಯಾಗಿಯೇ ಕಾಣುತ್ತದೆ.

ಸ್ಟ್ಯಾಂಡ್

ಒಳ್ಳೆಯ ಡಯಲ್ಲನ್ನು ಕೊಂಡು ಅಗ್ಗದ ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಹಾಕಿದರೆ ಡಯಲ್‌ಗೆ ಕೊಟ್ಟ ಹಣ ವ್ಯರ್ಥ. ಸ್ಟ್ಯಾಂಡಿನ ತೋಳು ಉದ್ದವಾದಷ್ಟೂ ಬಾಗುತ್ತದೆ, ಬಾಗಿದ್ದನ್ನು ಡಯಲ್ ಅಳತೆಯೆಂದೇ ತೋರಿಸುತ್ತದೆ. ಡಯಲ್ ಹಾಕಿದ ಮೇಲೆ ತೋಳನ್ನು ಬೆರಳಿನಿಂದ ಹಗುರವಾಗಿ ಒತ್ತಿ ಬಿಟ್ಟು, ಮುಳ್ಳು ಹಿಂದಿನ ಜಾಗಕ್ಕೇ ಬರುವುದೇ ಎಂದು ನೋಡಬೇಕು. ತೋಳನ್ನು ಆದಷ್ಟು ಗಿಡ್ಡವಾಗಿ ಇಟ್ಟುಕೊಳ್ಳಬೇಕು. ಸ್ಟೆಮನ್ನು ಹಿಡಿಯುವ ಜಾಗದಲ್ಲಿ ಸ್ಕ್ರೂ ನೇರವಾಗಿ ಸ್ಟೆಮ್ ಮೇಲೆ ಒತ್ತುವಂತಿರಬಾರದು. ಸುತ್ತಲೂ ಸಮನಾಗಿ ಬಿಗಿಯುವ ಸೀಳಿದ ಹಿಡಿಕೆ ಇರಬೇಕು. ಸ್ಕ್ರೂ ಒತ್ತಿದರೆ ಸ್ಟೆಮ್ ಅದುಮಿಕೊಂಡು ಪ್ಲಂಜರ್ ಹಿಡಿದುಕೊಳ್ಳುತ್ತದೆ. ಪ್ಲಂಜರ್ ಹಿಡಿದುಕೊಂಡಿತೆಂದು ಅದಕ್ಕೆ ಎಣ್ಣೆ ಹಾಕುವ ಅಭ್ಯಾಸ ಹಲವೆಡೆ ಇದೆ. ಇದನ್ನು ಕೂಡಲೇ ನಿಲ್ಲಿಸತಕ್ಕದ್ದು. ಎಣ್ಣೆಗೆ ಧೂಳು ಅಂಟಿ ಕೆಲವೇ ವಾರಗಳಲ್ಲಿ ಸ್ಥಿತಿ ಇನ್ನಷ್ಟು ಕೆಡುತ್ತದೆ. ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸುವುದು ಸಾಕು.

ಬಿಸಿಲು

ಉದ್ದದ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಸಂಬಂಧಿಸಿದವು. ಕಲಬುರಗಿ, ರಾಯಚೂರು, ಬಳ್ಳಾರಿಯಂತಹ ಕಡೆ ಬೇಸಿಗೆಯಲ್ಲಿ ಕಾರ್ಯಾಗಾರದೊಳಗೆ 40 ಡಿಗ್ರಿ ಇರುವುದು ಅಪರೂಪವಲ್ಲ. ಉಕ್ಕಿನ ತುಂಡನ್ನು ಉಕ್ಕಿನ ಮಾಸ್ಟರ್‌ನೊಡನೆ, ಎರಡೂ ಒಂದೇ ಬಿಸಿಯಲ್ಲಿರುವಾಗ ಹೋಲಿಸಿದರೆ ತೊಂದರೆಯಿಲ್ಲ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆ. ಅಲ್ಯೂಮಿನಿಯಂ ಮಾತ್ರ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 40 ಡಿಗ್ರಿಯಲ್ಲಿ 100 ಮಿ.ಮೀ. ಅಲ್ಯೂಮಿನಿಯಂ ತುಂಡನ್ನು ಉಕ್ಕಿನ ಮಾಸ್ಟರ್‌ನೊಡನೆ ಹೋಲಿಸಿದರೆ ಡಯಲ್ ಎಷ್ಟೇ ಒಳ್ಳೆಯದಿದ್ದರೂ ಸುಮಾರು 0.02 ಮಿ.ಮೀ. ಹೆಚ್ಚು ತೋರುತ್ತದೆ. ಹಾಗೆಯೇ ಯಂತ್ರದಿಂದ ಆಗತಾನೆ ತೆಗೆದ ಬಿಸಿ ತುಂಡನ್ನು ಅಳೆಯಬಾರದು. ಮಾಸ್ಟರ್‌ನ ಪಕ್ಕದಲ್ಲಿಯೇ ಒಂದೇ ಉಕ್ಕಿನ ಹಲಗೆಯ ಮೇಲೆ ಇಟ್ಟು ತಣಿಯಲು ಬಿಡಬೇಕು.

ಮಾಪನಾಂಕ ನಿರ್ಣಯ

ವ್ಯಾಪಾರದ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸುವಂತೆ ಡಯಲ್‌ಗೂ ಮುದ್ರೆ ಹಾಕಿಸಬೇಕೇ ಎಂದು ಕೇಳುವವರಿದ್ದಾರೆ. ಆ ಮುದ್ರೆಯು ಕೊಡುಕೊಳ್ಳುವ ವ್ಯವಹಾರದಲ್ಲಿ ಬಳಸುವ ತೂಕ ಮತ್ತು ಅಳತೆಗಳಿಗೆ ಸಂಬಂಧಿಸಿದ್ದು. ಕಾರ್ಯಾಗಾರದೊಳಗೆ ಉತ್ಪಾದನೆಯ ತಪಾಸಣೆಗೆ ಬಳಸುವ ಡಯಲ್‌ಗೆ ಬೇಕಾಗಿರುವುದು ಮಾಪನಾಂಕ ನಿರ್ಣಯ. ಐಎಸ್‌ಒ/ಐಇಸಿ 17025 ಮಾನಕದ ಅನ್ವಯ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಇದನ್ನು ಮಾಡಿಸಬಹುದು. ಮಾನ್ಯತೆ ಪಡೆದ ಪ್ರಯೋಗಾಲಯಗಳ ಪಟ್ಟಿ ಎನ್‌ಎಬಿಎಲ್ ಅಂತರ್ಜಾಲ ತಾಣದಲ್ಲಿ ಲಭ್ಯವಿದೆ. ಪ್ರಯೋಗಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು, ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಡಯಲ್ ಗೇಜ್ ಸೇರಿದೆಯೇ ಎಂದೂ ನೋಡಿಕೊಳ್ಳತಕ್ಕದ್ದು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಲ್ಲಿ ಅಳತೆಶಾಸ್ತ್ರದ ಪ್ರಯೋಗಾಲಯವಿದ್ದು, ಉದ್ದಿಮೆದಾರರು ಅಲ್ಲಿಯೂ ವಿಚಾರಿಸಬಹುದು.

ಪ್ರಮಾಣಪತ್ರ ಬಂದೊಡನೆ ಕಡತಕ್ಕೆ ಸೇರಿಸಿ ಮರೆಯುವ ಅಭ್ಯಾಸವನ್ನು ಬಿಡಬೇಕು. ಮಾಪನಾಂಕ ನಿರ್ಣಯ ಎಂದರೆ ದುರಸ್ತಿಯಲ್ಲ. ಯಾವ ಬಿಂದುವಿನಲ್ಲಿ ಎಷ್ಟು ದೋಷವಿದೆ ಎಂದು ಪ್ರಯೋಗಾಲಯ ತಿಳಿಸುತ್ತದೆ. ಆ ದೋಷ ತಮ್ಮ ಕೆಲಸಕ್ಕೆ ಒಪ್ಪುವುದೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಉದ್ದಿಮೆದಾರರೇ. ಡಯಲ್ ಮೇಲಿನ ಕ್ರಮ ಸಂಖ್ಯೆ ಪ್ರಮಾಣಪತ್ರದಲ್ಲಿಯೂ ಇದೆಯೇ ಎಂದು ಹೋಲಿಸಿ ನೋಡತಕ್ಕದ್ದು. ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನೂ ಬಳಕೆದಾರರೇ ಗೊತ್ತುಪಡಿಸಬೇಕು. ವರ್ಷಕ್ಕೊಮ್ಮೆ ಮಾಡಿಸುವುದು ರೂಢಿಯಲ್ಲಿದೆ. ಎರಡು ಪಾಳಿ ಕೆಲಸ ಮಾಡುವ ಘಟಕಗಳಿಗೆ ಆರು ತಿಂಗಳು ಸೂಕ್ತ. ಡಯಲ್ ಕೆಳಗೆ ಬಿದ್ದರೆ ಅವಧಿಗೆ ಕಾಯದೆ ಅಂದೇ ಅದನ್ನು ಬಳಕೆಯಿಂದ ತೆಗೆಯತಕ್ಕದ್ದು. ಬೀಳಿಸಿದ ಕೆಲಸಗಾರನಿಗೆ ದಂಡ ಹಾಕುವ ಪದ್ಧತಿ ಇರುವ ಕಡೆ ಡಯಲ್ ಬಿದ್ದ ವಿಷಯ ಮಾಲೀಕರಿಗೆ ತಿಳಿಯುವುದೇ ಇಲ್ಲ ಎಂಬುದನ್ನು ಗಮನಕ್ಕೆ ತರಲಾಗಿದೆ.

ಅರ್ಜಿಯಲ್ಲಿ ನಮೂದಿಸುವ ಕ್ರಮ

ಯೋಜನಾ ವರದಿಯಲ್ಲಿ "ಡಯಲ್ ಗೇಜ್ ಇತ್ಯಾದಿ" ಎಂದು ಬರೆಯುವ ಬದಲು ಈ ರೀತಿ ಬರೆಯಬಹುದು: "ಪ್ಲಂಜರ್ ಮಾದರಿಯ ಡಯಲ್ ಗೇಜ್, ಭಾರತೀಯ ಮಾನಕ ಐಎಸ್ 2092ಕ್ಕೆ ಅನುಗುಣವಾದದ್ದು, ವ್ಯಾಪ್ತಿ 10 ಮಿ.ಮೀ., ಗೆರೆ 0.01 ಮಿ.ಮೀ., ಪುನರಾವರ್ತನೆ 0.005 ಮಿ.ಮೀ. ಒಳಗೆ, ಸ್ಟೆಮ್ 8 ಮಿ.ಮೀ., ಮಾಪನಾಂಕ ನಿರ್ಣಯ ಪ್ರಮಾಣಪತ್ರದೊಂದಿಗೆ, 2 ಸಂಖ್ಯೆ." ಸ್ಟ್ಯಾಂಡನ್ನೂ ವಾರ್ಷಿಕ ಮಾಪನಾಂಕ ನಿರ್ಣಯದ ವೆಚ್ಚವನ್ನೂ ಪ್ರತ್ಯೇಕ ಸಾಲುಗಳಲ್ಲಿ ತೋರಿಸತಕ್ಕದ್ದು. ಮೊದಲನೆಯದು ಸ್ಥಿರ ಆಸ್ತಿಯ ವೆಚ್ಚ, ಎರಡನೆಯದು ಪ್ರತಿ ವರ್ಷದ ನಿರ್ವಹಣಾ ವೆಚ್ಚ. ಎರಡನ್ನೂ ಒಟ್ಟಿಗೆ ಸೇರಿಸಿದ ವರದಿಗಳು ಸ್ಪಷ್ಟೀಕರಣಕ್ಕಾಗಿ ಹಿಂದಿರುಗುವ ಸಂಭವವಿರುತ್ತದೆ. ಎರಡು ಡಯಲ್ ಕೇಳುವುದನ್ನು ದುಂದು ಎಂದು ತಿಳಿಯಬೇಕಾಗಿಲ್ಲ. ಒಂದು ಪ್ರಯೋಗಾಲಯದಲ್ಲಿರುವಾಗ ಕೆಲಸ ನಿಲ್ಲಬಾರದಷ್ಟೆ.

ದರಪಟ್ಟಿಗಳನ್ನು ಪಡೆಯುವಾಗ ಎಲ್ಲ ಮಾರಾಟಗಾರರಿಗೂ ಮೇಲಿನ ಒಂದೇ ವಿವರಣೆಯನ್ನು ಲಿಖಿತವಾಗಿ ನೀಡತಕ್ಕದ್ದು. ಡಯಲ್‌ಗಳ ದರ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರ ರೂಪಾಯಿಗಳವರೆಗೆ ಇದ್ದು, ವಿವರಣೆ ಬೇರೆ ಬೇರೆಯಾದಲ್ಲಿ ದರಗಳ ಹೋಲಿಕೆಗೆ ಅರ್ಥವಿರುವುದಿಲ್ಲ. ಇಲಾಖೆಯು ಯಾವುದೇ ತಯಾರಕರ ಅಥವಾ ಮಾರಾಟಗಾರರ ಹೆಸರನ್ನು ಶಿಫಾರಸು ಮಾಡುವುದಿಲ್ಲ. ರಸೀದಿ, ತಯಾರಕರ ತಪಾಸಣಾ ಪತ್ರ ಮತ್ತು ಮಾಪನಾಂಕ ನಿರ್ಣಯ ಪ್ರಮಾಣಪತ್ರದ ಪ್ರತಿಗಳನ್ನು ಘಟಕದಲ್ಲಿ ಕಾಯ್ದಿರಿಸಿಕೊಂಡು, ಸ್ಥಳ ತಪಾಸಣೆಯ ಸಮಯದಲ್ಲಿ ಹಾಜರುಪಡಿಸುವಂತೆ ಕೋರಲಾಗಿದೆ.